ವಿಲಿಯಮ್ಸ್‌ಬರ್ಗ್‌ಗೆ ಹೊರಟಿದ್ದೀರಾ? ಜೇಮ್ಸ್‌ಟೌನ್ ಮೊದಲು ನೋಡಿ

ವಾಷಿಂಗ್ಟನ್ ಕಡೆ ಮಕ್ಕಳ ಮನೆಗೆ ಬಂದವರು ವರ್ಜೀನಿಯಾದ ಬ್ರಿಟಿಷ್ ಕಾಲದ ರಾಜಧಾನಿ ವಿಲಿಯಮ್ಸ್‌ಬರ್ಗ್‌ಗೂ ಒಂದು ಸುತ್ತು ಹೋಗಿಬರುವುದುಂಟು. ಸುಮಾರು 240 ಕಿ.ಮೀ. ಶುಕ್ರವಾರ ಸಂಜೆ ಮಾತ್ರ ಹೊರಡಬೇಡಿ, ಐ-95 ಹೆದ್ದಾರಿಯಲ್ಲಿ ಕಾರು ತೆವಳುತ್ತದೆ. ಹೆಚ್ಚಿನವರು ನೇರ ಗವರ್ನರ್ ಅರಮನೆಗೆ ಹೋಗಿ, ಗೋಡೆ ತುಂಬ ಜೋಡಿಸಿಟ್ಟ ಬಂದೂಕು, ಕತ್ತಿಗಳನ್ನು ನೋಡಿ ಬೆರಗಾಗಿ ಮರಳುತ್ತಾರೆ. ಆ ವೈಭವಕ್ಕೆ ದುಡಿದವರು ಯಾರೆಂದು ತಿಳಿಯಬೇಕಿದ್ದರೆ ಜೇಮ್ಸ್‌ಟೌನ್‌ನಿಂದ ಶುರುಮಾಡಿ.

ಅಲ್ಲಿ ಎರಡು ತಾಣಗಳಿವೆ, ಟಿಕೆಟ್ಟೂ ಬೇರೆ. ‘ಜೇಮ್ಸ್‌ಟೌನ್ ಸೆಟಲ್‌ಮೆಂಟ್’ನಲ್ಲಿರುವುದು ಹಡಗು, ಕೋಟೆಗಳ ಮರುಸೃಷ್ಟಿ, ಮಕ್ಕಳಿಗೆ ಹಬ್ಬ. ‘ಹಿಸ್ಟಾರಿಕ್ ಜೇಮ್ಸ್‌ಟೌನ್’ 1607ರಲ್ಲಿ ಇಂಗ್ಲಿಷರು ಅಮೆರಿಕದಲ್ಲಿ ತಮ್ಮ ಮೊದಲ ಕಾಯಂ ನೆಲೆ ಹೂಡಿದ ಅಸಲಿ ಜಾಗ, ಉತ್ಖನನ ಇನ್ನೂ ನಡೆದಿದೆ. ಒಂದಕ್ಕೇ ಪುರಸೊತ್ತಿದ್ದರೆ ಇದನ್ನೇ ನೋಡಿ.

ಆ ಕಾಲದಲ್ಲಿ ಒಬ್ಬ ಆಳಿನ ಹಡಗಿನ ಖರ್ಚು ಕೊಟ್ಟು ಕರೆಸಿಕೊಂಡವನಿಗೆ ಇಲ್ಲಿ 50 ಎಕರೆ ಸಿಗುತ್ತಿತ್ತು. ಆಳು ಸಾಮಾನ್ಯವಾಗಿ ನಾಲ್ಕರಿಂದ ಏಳು ವರ್ಷ ಜೀತ ಮಾಡಿ ತೀರಿಸಬೇಕು. 1635ರಲ್ಲಿ ಜಾರ್ಜ್ ಮೆನಿಫಿ ಎಂಬ ಜಮೀನುದಾರ ಹೀಗೆ ಭೂಮಿ ಕೇಳಿದಾಗ ಕೊಟ್ಟ ಆಳುಗಳ ಪಟ್ಟಿಯಲ್ಲಿ ‘ಟೋನಿ, ಈಸ್ಟ್ ಇಂಡಿಯನ್’ ಎಂಬ ಹೆಸರಿದೆ. ನಮ್ಮ ಕಡೆಯವನೊಬ್ಬ ಅಷ್ಟು ಹಿಂದೆಯೇ ಇಲ್ಲಿಗೆ ಬಂದಿದ್ದ!

1640ರಲ್ಲಿ ಮೂವರು ಆಳುಗಳು ಒಟ್ಟಿಗೆ ಓಡಿಹೋಗಿ ಸಿಕ್ಕಿಬಿದ್ದರು. ಇಬ್ಬರು ಬಿಳಿಯರಿಗೆ ಕೆಲವು ವರ್ಷ ಹೆಚ್ಚುವರಿ ದುಡಿಮೆ. ಕಪ್ಪು ಜಾನ್ ಪಂಚ್‌ಗೆ ಸಾಯುವತನಕ ಜೀತ. ಆದರೂ ನಥಾನಿಯಲ್ ಬೇಕನ್ ಎಂಬ ಜಮೀನುದಾರ ಗವರ್ನರ್ ವಿರುದ್ಧ ಎಬ್ಬಿಸಿದ 1676ರ ದಂಗೆಯಲ್ಲಿ ಬಿಳಿ ಜೀತದಾಳುಗಳೂ ಕಪ್ಪು ಗುಲಾಮರೂ ಒಂದೇ ಪಾಳೆಯದಲ್ಲಿದ್ದರು, ಜೇಮ್ಸ್‌ಟೌನ್ ಸುಟ್ಟುಹೋಯಿತು. ಒಡೆಯರಿಗೆ ಈ ಒಗ್ಗಟ್ಟು ನಿದ್ದೆಗೆಡಿಸಿರಬೇಕು. 1705ರ ಕಾನೂನು ನೋಡಿ: ಅವಧಿ ಮುಗಿಸಿದ ಬಿಳಿ ಆಳಿಗೆ ಮೆಕ್ಕೆಜೋಳ, ಹಣ, ಒಂದು ಕೋವಿ; ಶಿಕ್ಷಿಸುವಾಗ ಗುಲಾಮ ಸತ್ತರೆ ಒಡೆಯನಿಗೆ ಅಪರಾಧವೇ ಇಲ್ಲ. ಬಡವರನ್ನು ಬಣ್ಣದಿಂದ ಒಡೆದದ್ದು ಹೀಗೆ.

ಇಷ್ಟು ತಿಳಿದುಕೊಂಡು ವಿಲಿಯಮ್ಸ್‌ಬರ್ಗ್‌ಗೆ ಬಂದರೆ ಊರೇ ಬೇರೆಯಾಗಿ ಕಾಣುತ್ತದೆ. 18ನೇ ಶತಮಾನದಲ್ಲಿ ಇಲ್ಲಿನ ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ಜನರೇ. ಬೀದಿ ಸುತ್ತಲು ದುಡ್ಡಿಲ್ಲ, ಮನೆಗಳೊಳಗೆ ಹೋಗಲು ಟಿಕೆಟ್ ಬೇಕು. ಆ ಕಾಲದ ರಾಜಕೀಯ ಮುಖಂಡ ಪೇಟನ್ ರಾಂಡಾಲ್ಫ್ ಮನೆಯಲ್ಲಿ ಹಜಾರಕ್ಕಿಂತ ಹಿತ್ತಲಿನ ಅಡುಗೆಮನೆಗೆ ಹೆಚ್ಚು ಹೊತ್ತು ಕೊಡಿ. ಅಲ್ಲಿ 27 ಗುಲಾಮರಿದ್ದರು. ಕಪ್ಪು ಮಕ್ಕಳಿಗಾಗಿ 1760ರಲ್ಲಿ ಶುರುವಾದ ಬ್ರೇ ಶಾಲೆಯನ್ನೂ ಬಿಡಬೇಡಿ. ಓದು ಕಲಿಸುತ್ತಲೇ ವಿಧೇಯತೆಯನ್ನೂ ಕಲಿಸುತ್ತಿದ್ದ ಶಾಲೆ ಅದು.

ಯಾರ್ಕ್‌ಟೌನ್ ಯುದ್ಧಭೂಮಿ (1781ರಲ್ಲಿ ಬ್ರಿಟಿಷ್ ಸೇನೆ ಶರಣಾದ ಜಾಗ) ಬಿಟ್ಟರೂ ನಡೆಯುತ್ತದೆ. ಆ ಸಮಯದಲ್ಲಿ ಹ್ಯಾಂಪ್ಟನ್‌ನ ಫೋರ್ಟ್ ಮನ್ರೋಗೆ ಹೋಗಿ. 1619ರಲ್ಲಿ ಆಫ್ರಿಕನ್ನರನ್ನು ಇಳಿಸಿದ ದಡ ಅದು. ಜುಲೈ, ಆಗಸ್ಟ್‌ನ ಸೆಕೆ, ಸೊಳ್ಳೆ ಎರಡೂ ವಿಪರೀತ, ಅಕ್ಟೋಬರ್ ಹಿತ. ಜೇಮ್ಸ್‌ಟೌನ್, ವಿಲಿಯಮ್ಸ್‌ಬರ್ಗ್, ಯಾರ್ಕ್‌ಟೌನ್‌ಗಳನ್ನು ಜೋಡಿಸುವ ಕಲೋನಿಯಲ್ ಪಾರ್ಕ್‌ವೇಯಲ್ಲಿ ಬಂಕ್ ಇಲ್ಲ, ಪೆಟ್ರೋಲ್ ಮೊದಲೇ ತುಂಬಿಸಿಕೊಳ್ಳಿ.