ಕೊಬ್ಬರಿ ಎಣ್ಣೆ ಕುಡಿದ ಸಿಂಗರ್

ತುಮಕೂರಿನ ನಮ್ಮ ಮನೆಯಲ್ಲಿರುವ ಅತ್ತೆಯ ಸಿಂಗರ್ ಹೊಲಿಗೆ ಮಿಷನ್‌ನ ಸೀರಿಯಲ್ ನಂಬರ್ ‘ವೈ’ ಅಕ್ಷರದಿಂದ ಶುರುವಾಗುತ್ತೆ. ಅಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು. ಆ ಕಾರ್ಖಾನೆ 1980ರಲ್ಲೇ ಮುಚ್ಚಿತು, ಮಿಷನ್ ಮಾತ್ರ ಗಟ್ಟಿಯಾಗಿದೆ.

ಚಕ್ರ ಜಪ್ಪಯ್ಯ ಅಂದ್ರೂ ತಿರುಗುತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ಕೊಬ್ಬರಿ ಎಣ್ಣೆ ಬಿಟ್ಟಿದ್ದರು! ಅದು ಒಣಗಿ ಅಂಟಾಗಿತ್ತು. ತೂತುಗಳಿಗೆಲ್ಲ ಸೀಮೆಎಣ್ಣೆ ಬಿಟ್ಟು ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸುತ್ತಾ ಹೋದ ಹಾಗೆ ಕಂದು ಜಿಡ್ಡು ಇಳಿಯಿತು. ಒರೆಸಿ ಮಿಷನ್ ಎಣ್ಣೆ ಹಾಕಿದೆ. ಚಿನ್ನದ ಬಣ್ಣದ ಚಿತ್ತಾರಕ್ಕೆ ಮಾತ್ರ ಸೀಮೆಎಣ್ಣೆ ತಾಗಿಸಬೇಡಿ, ಅಳಿಸಿಹೋಗುತ್ತೆ.

ಇದರ ಬಾಬಿನ್, ಅಂದರೆ ಕೆಳಗಿನ ದಾರ ಸುತ್ತುವ ಉರುಳೆ, ಗುಂಡಗಿಲ್ಲ, ಉದ್ದಕ್ಕಿದೆ. ದೋಣಿಯಂಥ ಶಟಲ್ ಒಳಗೆ ಕೂತು ಹಿಂದೆ ಮುಂದೆ ಓಡಾಡುತ್ತೆ. ನೋಡ್ತಾ ಕೂತರೆ ಹೊಲಿಯೋದೇ ಮರೆಯುತ್ತೆ! ಚರ್ಮದ ಬೆಲ್ಟ್ ಹೊಸದು ಹಾಕಿಸಿದೆ. ಜಿಗ್‌ಜಾಗ್ ಬರಲ್ಲ, ನೇರ ಹೊಲಿಗೆ ಅಷ್ಟೇ. ಸಾಕಲ್ವಾ? ಅತ್ತೆ ಆಗಲೇ ಪಕ್ಕದ ಮನೆಯವರ ದಿಂಬಿನ ಕವರ್ ಒಪ್ಪಿಕೊಂಡಿದ್ದಾರೆ.