ಇನ್ನೂ ನಾಲ್ಕು ಜನ

"ಇನ್ನೂ ನಾಲ್ಕು ಜನ ಬಂದ್ರೆ ಶೋ ಹಾಕ್ತೀವಿ ಮೇಡಂ."

ಭಾನುವಾರದಿಂದ ಈ ಮಾತು ಕಿವಿ ಬಿಟ್ಟು ಹೋಗಿಲ್ಲ. ದಾವಣಗೆರೆಯ ಟಾಕೀಸ್ ಒಂದರ ಕೌಂಟರ್ ಮುಂದೆ ನಾನು, ಅವ್ವ, ಇನ್ನು ನಾಲ್ಕು ಮಂದಿ ನಿಂತಿದ್ದೆವು. ಹೊಸಬರ ಕನ್ನಡ ಪಿಕ್ಚರ್. ಬಂದು ಮೂರೇ ದಿನ. ಅವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದಳು. ಟಾಕೀಸಿಗೆ ಅವಳು ಯಾವತ್ತೂ ಹಾಗೇ ಬರುವುದು.

ಅರ್ಧ ಗಂಟೆ ಕಾದೆವು. ಪಕ್ಕದಲ್ಲಿದ್ದ ಹುಡುಗ, "ಮನಿಗೆ ಹೋಗ್ರೀ ಆಂಟಿ, ಇನ್ನೊಂದು ತಿಂಗಳಿಗೆ ಮೊಬೈಲಲ್ಲೇ ಬರುತ್ತೆ" ಎಂದು ಬೈಕ್ ಹತ್ತಿ ಹೊರಟೇಬಿಟ್ಟ. ಆರು ಜನ ಐದಾದೆವು. ಒಳ್ಳೆಯ ಹುಡುಗನೇ ಇರಬಹುದು. ಆದರೂ ನನಗೆ ಅವನ ಮೇಲೆ ಇನ್ನೂ ಸಿಟ್ಟಿದೆ.

ಬಂದೇ ಬರುತ್ತೆ ಅಂತ ಅವನಿಗೆ ಹೇಳಿದವರು ಯಾರು? 2020ರಲ್ಲಿ ಟಾಕೀಸುಗಳು ಮುಚ್ಚಿದ್ದಾಗ 'ಲಾ', 'ಫ್ರೆಂಚ್ ಬಿರಿಯಾನಿ' ನೇರವಾಗಿ ಅಮೆಜಾನ್ ಪ್ರೈಮ್‌ಗೆ ಬಂದವು. ಮನೆಯಲ್ಲೇ ಕೂತು ಖುಷಿಯಿಂದ ನೋಡಿದೆವು. ಈಗ ಟಾಕೀಸಿನಲ್ಲಿ ಓಡದ ಸಣ್ಣ ಕನ್ನಡ ಚಿತ್ರವನ್ನು ಪ್ರೈಮ್‌ನಂಥ ಒಟಿಟಿಯವರು ಕೊಳ್ಳುವುದೇ ಕಷ್ಟ. 'ಕಾಂತಾರ' ತೆರೆಗೆ ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ, ಪ್ರೈಮ್‌ಗೆ ನವೆಂಬರ್ 24ಕ್ಕೆ. ಅಷ್ಟು ದಿನ ಜನ ಒಬ್ಬರಿಗೊಬ್ಬರು ಹೇಳಿ ಹೇಳಿ ಟಾಕೀಸ್ ತುಂಬಿಸಿದರು. ಈ ಪಿಕ್ಚರ್ ಹೆಂಗಿದೆ ಅಂತ ಹೇಳೋಕೆ ನೋಡಿದವರೇ ಇಲ್ಲ.

ಮನೆಯಲ್ಲಿ ಅವ್ವ ಮೆಂತ್ಯ ಸೊಪ್ಪು ಬಿಡಿಸುತ್ತಾ ಪಿಕ್ಚರ್ ನೋಡುತ್ತಾಳೆ. ಕುಕ್ಕರ್ ಕೂಗಿದರೆ ಏಳುತ್ತಾಳೆ, ಹಾಲಿನವನು ಬಂದರೆ ಏಳುತ್ತಾಳೆ. ವಾಪಸ್ ಬಂದು "ಏನಾಯ್ತೇ?" ಅಂತ ನನ್ನನ್ನೇ ಕೇಳುತ್ತಾಳೆ. ಟಾಕೀಸಿನಲ್ಲಿ ಅವಳನ್ನು ಯಾರೂ ಎಬ್ಬಿಸುವುದಿಲ್ಲ. ಕತ್ತಲಾದ ಕೂಡಲೇ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂರುತ್ತಾಳೆ. ಇಂಟರ್ವೆಲ್‌ವರೆಗೆ ನಾನು ಪಕ್ಕದಲ್ಲಿರುವುದೂ ಅವಳಿಗೆ ನೆನಪಿರಲ್ಲ.

ಆ ದಿನ ಅವ್ವ ಕೌಂಟರಿಗೆ ಹೋಗಿ ಪರ್ಸ್ ತೆಗೆದಳು. "ಉಳಿದ ಐದು ಟಿಕೆಟ್ ನಾವೇ ತಗೊಂಡ್ರೆ ಹಾಕ್ತೀಯೇನಪ್ಪಾ?" ಅವನು ಮ್ಯಾನೇಜರನ್ನು ಕೇಳಲು ಎದ್ದ. ನಾನು ಅವ್ವನ ಕೈ ಹಿಡಿದೆ. "ಸುಮ್ನಿರವ್ವ, ದುಡ್ಡು ದಂಡ."

ಯಾಕೆ ಹಾಗಂದೆನೋ. ಹೋಟೆಲಿನಲ್ಲಿ ಒಂದು ಸಂಜೆಗೆ ಅದಕ್ಕಿಂತ ಜಾಸ್ತಿ ಖರ್ಚು ಮಾಡುತ್ತೇನೆ. ಅವಳು ಮಾತಾಡದೆ ಪರ್ಸ್ ಮುಚ್ಚಿದಳು. ಅವಳು ಪರ್ಸ್ ಮುಚ್ಚಿದ್ದೇ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿದೆ.

ದಾರಿಯಲ್ಲಿ ಮಂಡಕ್ಕಿ, ಮಿರ್ಚಿ ತಿಂದೆವು. "ನಾಳೆ ಇರುತ್ತಾ ಪಿಕ್ಚರ್?" ಎಂದಳು. ಇರುತ್ತೆ ಎಂದೆ. ಮರುದಿನ ಆಫೀಸಿಗೆ ಹೋಗುವಾಗ ನೋಡಿದರೆ, ಆಗಲೇ ಬೇರೆ ಪೋಸ್ಟರ್ ಅಂಟಿಸುತ್ತಿದ್ದರು.