ಲೆನ್ಸ್ ಯಾವುದು ಅನ್ನೋದು ಆಮೇಲೆ, ಅದು ಕೂರೋದು ಎಲ್ಲಿ?

ಹಕ್ಕಿ ಫೋಟೊ ತೆಗೆಯಬೇಕು ಅಂತ ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ. "100-400 ತಗೊಳ್ಳಲಾ, 150-600 ತಗೊಳ್ಳಲಾ?" (ಜೂಮ್ ಲೆನ್ಸಿನ ಫೋಕಲ್ ಲೆಂತ್ ಎಷ್ಟು ಎಂಎಂನಿಂದ ಎಷ್ಟರವರೆಗೆ ಅನ್ನುವ ಅಂಕಿ ಇದು. ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ.) ನಮ್ಮ ಅಕ್ಕನ ಮಗನೂ ಅದನ್ನೇ ಕೇಳಿದ. "ಅದನ್ನ ಯಾವುದರ ಮೇಲೆ ಇಡ್ತೀಯ, ಅದು ಹೇಳು ಮೊದಲು" ಅಂದೆ. "ಕೈಯಲ್ಲೇ ಹಿಡ್ಕೋತೀನಿ ಚಿಕ್ಕಮ್ಮ, ಎರಡು ಕೆಜಿ ತಾನೇ" ಅಂದ. ಅವನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಎತ್ತರ ಐದು ಅಡಿ ಒಂದು ಇಂಚು. ಇಡೀ ದಿನ ಕರಡು ತಿದ್ದುವ ಕೆಲಸ. ಕುತ್ತಿಗೆ, ಮಣಿಕಟ್ಟು ಎರಡೂ ಸದಾ ಗೊಣಗುತ್ತಿರುತ್ತವೆ. ಹಾಗಾಗಿ ನನಗೆ ಲೆನ್ಸ್ ಅಂದರೆ ಮೊದಲು ತೂಕ, ಆಮೇಲೆ ಮಿಕ್ಕಿದ್ದು. ಗಟ್ಟಿಮುಟ್ಟಾದ ಇಪ್ಪತ್ತೈದರ ಹುಡುಗನಿಗೆ ಈ ಲೆಕ್ಕ ಸ್ವಲ್ಪ ಬೇರೆ ಇರಬಹುದು. ತುಂಬಾ ಬೇರೆಯೇನೂ ಇರುವುದಿಲ್ಲ.

ಇವು ಇಷ್ಟು ಭಾರ ಯಾಕೆ? ಇದನ್ನು ಒಮ್ಮೆ ತಿಳಿದುಕೊಂಡರೆ ಜಾಹೀರಾತು ಓದುವ ರೀತಿಯೇ ಬದಲಾಗುತ್ತದೆ. ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿ. (ಎಫ್ ಅಂದರೆ ಲೆನ್ಸಿನ ಬೆಳಕಿನ ಕಿಂಡಿಯ, ಅಂದರೆ ಅಪರ್ಚರಿನ ಅಳತೆ. ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ.) 600ನ್ನು 6.3ರಿಂದ ಭಾಗಿಸಿದರೆ ಸುಮಾರು 95. ಅಂದರೆ 600 ಎಂಎಂನಲ್ಲಿ ಎಫ್ 6.3 ಸಿಗಬೇಕಾದರೆ ಮುಂದಿನ ಗಾಜು ಹತ್ತಿರಹತ್ತಿರ 95 ಎಂಎಂ ಅಗಲ ಇರಲೇಬೇಕು. ಈ ಸಾಲಿನ ಎಷ್ಟೋ ಲೆನ್ಸ್‌ಗಳ ಫಿಲ್ಟರ್ ಅಳತೆ 95 ಎಂಎಂ ಇರುವುದು ಅದಕ್ಕೇ. ಇದರಲ್ಲಿ ಯಾವ ಕಂಪನಿಯೂ ಜಾದೂ ಮಾಡಲು ಬರುವುದಿಲ್ಲ. ಹಗುರ ಬೇಕಾ? ಉದ್ದ ಬಿಡಿ, ಇಲ್ಲವೇ ಬೆಳಕು ಬಿಡಿ. ಕ್ಯಾನನ್ ಆರ್‌ಎಫ್ 100-400 ಬರೀ 635 ಗ್ರಾಂ ತೂಗುತ್ತದೆ. ಅದು ಎರಡನ್ನೂ ಬಿಟ್ಟಿದೆ. 400ರ ತುದಿಯಲ್ಲಿ ಅದರ ಅಪರ್ಚರ್ ಎಫ್ 8.

ಇನ್ನು ಭಾರದವು. ಒಳಗೆ ಕನ್ನಡಿ ಇರುವ ಕ್ಯಾಮೆರಾಗಳಿಗೆ (ಡಿಎಸ್‌ಎಲ್‌ಆರ್) ಸಿಗ್ಮಾದ 150-600 ಎರಡು ಬಗೆಯಲ್ಲಿ ಬಂತು. ಕಂಟೆಂಪರರಿ 1930 ಗ್ರಾಂ, ಸ್ಪೋರ್ಟ್ಸ್ 2860 ಗ್ರಾಂ. ಎರಡರ ಫೋಕಲ್ ಲೆಂತ್ ಒಂದೇ, ಅಪರ್ಚರ್ ಒಂದೇ, ಆದರೆ ನಡುವೆ ಮುಕ್ಕಾಲು ಕೆಜಿಗಿಂತ ಜಾಸ್ತಿ ಅಂತರ! ನಿಕಾನ್ 200-500 ಟ್ರೈಪಾಡಿಗೆ ಸಿಕ್ಕಿಸುವ ಬಳೆ (ಕಾಲರ್) ಸೇರಿ 2300 ಗ್ರಾಂ. ಸೋನಿ 200-600 ಆ ಬಳೆಯ ಕೆಳಗಿನ ಕಾಲನ್ನು ಬಿಟ್ಟು 2115 ಗ್ರಾಂ. ಇವುಗಳ ಹಿಂದೆ ಕ್ಯಾಮೆರಾ ಬಾಡಿಯ ಮುಕ್ಕಾಲು ಕೆಜಿ ಬೇರೆ. ಒಟ್ಟು ಮೂರು ಕೆಜಿ ಅಂದುಕೊಳ್ಳಿ.

ಮೂರು ಕೆಜಿ ಹೆಗಲಿಗೆ ಏನೂ ಅಲ್ಲ. ಕಣ್ಣಿನ ಮುಂದೆ ಹಿಡಿದು ನಿಂತಾಗಲೇ ಅದರ ಬಣ್ಣ ಗೊತ್ತಾಗುವುದು. ದುಡ್ಡು ಕೊಡುವ ಮುಂಚೆ ಮನೆಯಲ್ಲೇ ಪರೀಕ್ಷೆ ಮಾಡಿ. ಒಂದು ಚೀಲದಲ್ಲಿ ಲೀಟರಿನ ಮೂರು ನೀರಿನ ಬಾಟಲಿ ಹಾಕಿ. ಎಡಗೈ ಅಡಿಯಿಂದ ಕೊಟ್ಟು ಮುಖದ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಹಕ್ಕಿ ಕೊಂಬೆಯ ಹಿಂದಿನಿಂದ ಈಚೆ ಬರಲಿ ಅಂತ ಕಾಯುತ್ತಿದ್ದೀರಿ ಅಂದುಕೊಳ್ಳಿ. ಎರಡು ನಿಮಿಷ ಸಾಕು. ತೋಳು ನಡುಗಲು ಶುರುವಾದರೆ ನಿಮ್ಮ ದುಡ್ಡಿನಲ್ಲಿ ಒಂದು ಪಾಲು ಲೆನ್ಸಿಗಲ್ಲ, ಅದರ ಆಸರೆಗೆ ಹೋಗಬೇಕು ಅಂತಲೇ ಅರ್ಥ. ಲೆನ್ಸಿಗೇ ಎಲ್ಲ ಸುರಿದು, ಮಿಕ್ಕ ಚಿಲ್ಲರೆಯಲ್ಲಿ ಲಟಲಟ ಅನ್ನುವ ಟ್ರೈಪಾಡ್ ತರುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ.

ಹಾಗಾದರೆ 600 ಬೇಕೇ ಬೇಕಾ? ಇದಕ್ಕೂ ಲೆಕ್ಕ ಇದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (ಅದರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಫಲಕ ದೊಡ್ಡದು) 600 ಎಂಎಂ ಇಟ್ಟು ಇಪ್ಪತ್ತು ಮೀಟರ್ ದೂರ ನೋಡಿದರೆ ಫ್ರೇಮಿನ ಅಗಲದಲ್ಲಿ 1.2 ಮೀಟರ್ ಜಾಗ ಹಿಡಿಸುತ್ತದೆ. ಗುಬ್ಬಚ್ಚಿಯ ಉದ್ದ ಸುಮಾರು 15 ಸೆಂಟಿಮೀಟರ್. ಅಂದರೆ ಅದು ಫ್ರೇಮಿನ ಎಂಟನೇ ಒಂದು ಭಾಗ, ಅಷ್ಟೇ! 400 ಎಂಎಂ ಆದರೆ ಹನ್ನೆರಡನೇ ಒಂದು. ಅದಕ್ಕಿಂತ ಚಿಕ್ಕದಾದ ಕ್ರಾಪ್ ಸೆನ್ಸರ್ ಇದ್ದರೆ ಅದೇ 600ರಲ್ಲಿ ಹಿಡಿಸುವ ಜಾಗ 80 ಸೆಂಟಿಮೀಟರ್‌ಗೆ ಇಳಿಯುತ್ತದೆ, ಹಕ್ಕಿ ಅಷ್ಟು ದೊಡ್ಡದಾಗಿ ಕಾಣುತ್ತದೆ. ಆದರೆ ಹತ್ತು ಮೀಟರ್ ಹತ್ತಿರ ಹೋಗಲು ಸಾಧ್ಯವಾದರೆ? 400 ಎಂಎಂ ಲೆನ್ಸೂ ಇಪ್ಪತ್ತು ಮೀಟರಿನ 600ಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಸಣ್ಣ ಹಕ್ಕಿಯ ವಿಷಯದಲ್ಲಿ ಯಾವ ಲೆನ್ಸೂ ಸಾಲುವುದಿಲ್ಲ. ಚಂದ್ರನ ಫೋಟೊಗೆ ಅಂತ 600 ಕೊಳ್ಳುವವರಿಗೂ ಒಂದು ಮಾತು. ಸೆನ್ಸರ್ ಮೇಲೆ ಬೀಳುವ ಚಂದ್ರನ ಅಗಲ ಐದೂವರೆ ಎಂಎಂ. ಫುಲ್ ಫ್ರೇಮ್ ಸೆನ್ಸರಿನ ಎತ್ತರ 24 ಎಂಎಂ.

ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಫೋಕಲ್ ಲೆಂತನ್ನು 1.4 ಪಟ್ಟು ಮಾಡುವ ಟೆಲಿಕನ್ವರ್ಟರ್ ಸೇರಿಸಿಕೊಂಡರಾಯಿತು ಅನ್ನುವವರೂ ಇದ್ದಾರೆ. 600 ಎಂಎಂ 840 ಆಗುತ್ತದೆ, ನಿಜ. ಎಫ್ 6.3 ಹೋಗಿ ಎಫ್ 9 ಆಗುವುದೂ ಅಷ್ಟೇ ನಿಜ. ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಆಟೊಫೋಕಸ್ ಅಲ್ಲಿಗೆ ಕೈ ಎತ್ತಿಬಿಡುತ್ತದೆ. ಮೊದಲ ವರ್ಷಕ್ಕೆ ಅದು ಬೇಡ.

ನಾನು ಆರಿಸಿದ್ದು 150-600ರ ಹಗುರದ ಬಗೆ. ಕೊಳ್ಳುವಾಗ ಜೂಮ್ ಹೇಗೆ ನಡೆಯುತ್ತದೆ ಅಂತ ನೋಡಬೇಕು. ಇದರಲ್ಲಿ ಜೂಮ್ ಮಾಡಿದರೆ ಕೊಳವೆ ಮುಂದಕ್ಕೆ ಚಾಚುತ್ತದೆ, ಭಾರವೂ ಮುಂದಕ್ಕೆ ಹೋಗುತ್ತದೆ. ಸೋನಿ 200-600, ನಿಕಾನ್ ಝಡ್ 180-600 ಇವೆರಡರಲ್ಲಿ ಚಲನೆಯೆಲ್ಲ ಒಳಗೇ. ಹೊರಗಿನ ಉದ್ದ ಬದಲಾಗುವುದಿಲ್ಲ, ತೂಕದ ಸಮತೋಲವೂ ಹೆಚ್ಚು ಕದಲುವುದಿಲ್ಲ. ಟ್ರೈಪಾಡ್ ಮೇಲೆ ಕೂರಿಸುವವರಿಗೆ ಇದು ದೊಡ್ಡ ಅನುಕೂಲ. ಚೀಲದಲ್ಲಿ ಮಾತ್ರ ಅವು ಉದ್ದಕ್ಕೆ ಜಾಗ ಕೇಳುತ್ತವೆ. ನನ್ನ ಚೀಲ ಚಿಕ್ಕದು, ಅದಕ್ಕೇ ಚಾಚುವುದನ್ನು ತಗೊಂಡೆ.

ಸರಿ, ಲೆನ್ಸ್ ಬಂತು. ಅದರ ಹೊಟ್ಟೆಗೆ ಒಂದು ಬಳೆ, ಬಳೆಗೆ ಒಂದು ಕಾಲು ಇರುತ್ತದೆ. ಟ್ರೈಪಾಡ್ ಕಾಲರ್ ಅಂದರೆ ಇದೇ. ಟ್ರೈಪಾಡಿಗೆ ಸಿಕ್ಕಿಸಬೇಕಾದದ್ದು ಈ ಕಾಲನ್ನು, ಕ್ಯಾಮೆರಾ ಬಾಡಿಯನ್ನಲ್ಲ. ಬಾಡಿಯನ್ನು ಸಿಕ್ಕಿಸಿದರೆ ಎರಡು ಕೆಜಿ ಮುಂದೆ ಜೋತಾಡಿ ಇಡೀ ಭಾರ ಲೆನ್ಸ್ ಬಾಡಿಗೆ ಸೇರುವ ಜಾಗದ (ಮೌಂಟಿನ) ಮೇಲೆ ಬೀಳುತ್ತದೆ, ಚಿತ್ರವೂ ಅಲುಗಾಡುತ್ತದೆ. ನಡೆಯುವಾಗಲೂ ಅಷ್ಟೇ. ಕ್ಯಾಮೆರಾ ಪಟ್ಟಿಗೆ ನೇತುಹಾಕಿಕೊಂಡು ಹೋಗಬೇಡಿ. ಲೆನ್ಸಿನ ಕಾಲು ಹಿಡಿದುಕೊಳ್ಳಿ, ಅಥವಾ ಪಟ್ಟಿಯನ್ನೇ ಲೆನ್ಸಿಗೆ ಹಾಕಿ. ಈ ಕಾಲಿಗೆ ಆರ್ಕಾ-ಸ್ವಿಸ್ ಮಾದರಿಯ, ಅಂದರೆ ಟ್ರೈಪಾಡಿನ ಹಿಡಿತದೊಳಗೆ ಜಾರಿ ಕೂರುವ ಉದ್ದನೆಯ ಪ್ಲೇಟ್ ಹಾಕಿಸಿಕೊಳ್ಳುವುದು ಒಳ್ಳೆಯದು. ಹಿಂದೆ ಮುಂದೆ ಜಾರಿಸಿ ತೂಕ ಸರಿದೂಗಿಸಲು ಆ ಉದ್ದ ಬೇಕು. ಟ್ಯಾಮ್ರಾನ್ 150-600 ಜಿ2 ತರಹದ ಲೆನ್ಸ್‌ಗಳ ಕಾಲಿನಲ್ಲೇ ಈ ಪ್ಲೇಟಿನ ಆಕಾರ ಇದೆ.

ಕೈಯಲ್ಲಿ ಹಿಡಿಯುವುದೇ ಆದರೆ ಎಡ ಅಂಗೈ ಮೇಲ್ಮುಖವಾಗಿ ಲೆನ್ಸಿನ ಕೆಳಗೆ ಇರಲಿ. ಎರಡೂ ಮೊಣಕೈ ಪಕ್ಕೆಗೆ ಒತ್ತಿರಲಿ. ಕೂತು ಮೊಣಕಾಲಿಗೆ ಆನಿಸುವಾಗ ಮೂಳೆಗೆ ಮೂಳೆ ತಾಗಿಸಬೇಡಿ, ಜಾರುತ್ತದೆ. ಮೊಣಕೈ ಮೊಣಕಾಲ ಚಿಪ್ಪಿಗಿಂತ ಸ್ವಲ್ಪ ಆಚೆ ಬರಲಿ. ಕ್ಯಾಮೆರಾ ಎತ್ತಿ, ತೆಗೆದು, ಇಳಿಸಿ. ಸುಮ್ನೆ ಎತ್ತಿಕೊಂಡೇ ನಿಲ್ಲಬೇಡಿ.

ನನ್ನ ಮೆಚ್ಚಿನ ಆಸರೆ ಬೀನ್ ಬ್ಯಾಗ್, ಅಂದರೆ ಕಾಳು ತುಂಬಿದ ಪುಟ್ಟ ಚೀಲ. ಅಗ್ಗ, ಸದ್ದಿಲ್ಲ, ಕೆಡುವಂಥದ್ದು ಏನೂ ಇಲ್ಲ. ಗೋಡೆ, ಬಂಡೆ, ಕಾರಿನ ಕಿಟಕಿ, ನೆಲ, ಎಲ್ಲಿ ಬೇಕಾದರೂ ಇಡಬಹುದು. ದೂರದ ಪ್ರಯಾಣಕ್ಕೆ ಖಾಲಿ ಚೀಲ ಒಯ್ದು ಅಲ್ಲೇ ಒಣ ಕಾಳು ತುಂಬಿದರಾಯಿತು. ಕಾಲರ್ ಸಡಿಲಿಸಿ ಲೆನ್ಸಿನ ಕಾಲನ್ನು ಮೇಲಕ್ಕೆ ತಿರುಗಿಸಿಬಿಟ್ಟರೆ ಕೊಳವೆ ನೇರವಾಗಿ ಕಾಳಿನೊಳಗೆ ಹುದುಗಿ ಕೂರುತ್ತದೆ. ಕಾರಿನಲ್ಲಿದ್ದರೆ ಇಂಜಿನ್ ಆಫ್ ಮಾಡಿ. ಅದರ ನಡುಕ 600 ಎಂಎಂನಲ್ಲಿ ಎದ್ದು ಕಾಣುತ್ತದೆ.

ಒಂಟಿ ಕಾಲಿನ ಮೊನೊಪಾಡ್ ನಡೆದಾಡುವವರಿಗೆ. ಅದು ತೂಕ ಹೊರುತ್ತದೆ, ಅಕ್ಕಪಕ್ಕದ ತೂಗಾಟ ನಿಲ್ಲಿಸುವುದಿಲ್ಲ. ತುದಿಯನ್ನು ಸ್ವಲ್ಪ ಮುಂದೆ ಊರಿ, ಕಾಲು ಅಗಲಿಸಿ ನಿಂತರೆ ನಿಮ್ಮೆರಡು ಕಾಲು ಸೇರಿ ಮೂರಾಗುತ್ತದೆ. ಮೇಲೆ ಕೆಳಗೆ ಬಾಗುವ ಟಿಲ್ಟ್ ಹೆಡ್ ಇರಲೇಬೇಕು. ಇಲ್ಲದಿದ್ದರೆ ಮರದ ತುದಿಯ ಹಕ್ಕಿಗೆ ಇಡೀ ಕೋಲನ್ನೇ ಓರೆ ಮಾಡುತ್ತಾ ಕೂರಬೇಕಾಗುತ್ತದೆ.

ಟ್ರೈಪಾಡಿನಲ್ಲಿ ಕಾಲಿಗಿಂತ ತಲೆಯದೇ (ಲೆನ್ಸ್ ಕೂರಿಸಿ ತಿರುಗಿಸುವ ಮೇಲ್ಭಾಗದ್ದೇ) ದೊಡ್ಡ ಕತೆ. ಬಾಲ್ ಹೆಡ್ ಮೇಲೆ ಇಂಥ ಲೆನ್ಸ್ ಕೂರಿಸಿದರೆ ಭಾರವೆಲ್ಲ ಚೆಂಡಿನ ಮೇಲಿರುತ್ತದೆ. ತಿರುಪು ಸಡಿಲಿಸಿದ ಕೂಡಲೇ ಧೊಪ್ಪನೆ ಒಂದು ಕಡೆಗೆ ವಾಲುತ್ತದೆ, ನಡುವೆ ಬೆರಳು ಸಿಕ್ಕರೆ ದೇವರೇ ಗತಿ. ಗಿಂಬಲ್ ಹೆಡ್‌ನಲ್ಲಿ ಲೆನ್ಸ್ ತೊಟ್ಟಿಲಿನ ಹಾಗೆ ತೂಗುತ್ತದೆ. ಅದರ ಭಾರದ ಕೇಂದ್ರ ತಿರುಗುವ ಅಚ್ಚಿನ ಮಟ್ಟಕ್ಕೇ ಬರುವಂತೆ ಕೂರಿಸುವುದರಿಂದ, ಯಾವ ಕೋನದಲ್ಲಿ ಬಿಟ್ಟರೂ ಅಲ್ಲೇ ನಿಲ್ಲುತ್ತದೆ. ಒಂದು ಬೆರಳಲ್ಲಿ ಎತ್ತ ಬೇಕಾದರೂ ತಿರುಗಿಸಬಹುದು. ಹೊಂದಿಸುವುದು ಎರಡು ಹಂತದಲ್ಲಿ. ಮೊದಲು ಲೆನ್ಸ್ ಮಟ್ಟಸವಾಗಿ ನಿಲ್ಲುವ ತನಕ ಪ್ಲೇಟನ್ನು ಹಿಂದೆ ಮುಂದೆ ಜಾರಿಸಿ. ಆಮೇಲೆ ಮೂತಿ ಆಕಾಶಕ್ಕೆ ಎತ್ತಿ ಕೈ ಬಿಡಿ. ತಾನಾಗಿ ಇನ್ನೂ ಹಿಂದಕ್ಕೆ ಉರುಳಿದರೆ ಲೆನ್ಸ್ ತುಂಬಾ ಮೇಲಿದೆ, ಅದು ಕೂತಿರುವ ಗಿಂಬಲ್‌ನ ತಟ್ಟೆ ಇಳಿಸಿ. ಚಾಚುವ ಜೂಮ್ ಆದರೆ ನೀವು ಹೆಚ್ಚು ಬಳಸುವ ಉದ್ದಕ್ಕೆ ಚಾಚಿಟ್ಟೇ ಇದನ್ನು ಮಾಡಿ. ನಾನು ಪೂರ್ತಿ 600ಕ್ಕೆ ಇಟ್ಟು ಹೊಂದಿಸುತ್ತೇನೆ.

ಕಾಲುಗಳ ವಿಷಯ ಚುಟುಕಾಗಿ. ದಪ್ಪ ಕಾಲು ಒಳ್ಳೆಯದು. ನಡುಗಂಬ ಎತ್ತಬೇಡಿ, ಇಲ್ಲದ ಮಾದರಿಯೇ ಸಿಕ್ಕರೆ ಇನ್ನೂ ವಾಸಿ. ಮೂರರಲ್ಲಿ ಒಂದು ಕಾಲು ಲೆನ್ಸ್ ನೋಡುವ ದಿಕ್ಕಿಗೇ ಇರಲಿ. ಪೆಟ್ಟಿಗೆ ಮೇಲೆ ಇಷ್ಟು ಕೆಜಿ ಹೊರುತ್ತದೆ ಅಂತ ಬರೆದಿದ್ದನ್ನು ಅರ್ಧ ಮಾತ್ರ ನಂಬಿ.

ಲೆನ್ಸಿನೊಳಗಿನ ಸ್ಟೆಬಿಲೈಸೇಶನ್ ಇದೆಯಲ್ಲ, ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಅದು ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಹಕ್ಕಿಯ ಚಲನೆಯನ್ನಲ್ಲ. ತೋಳಿನ ಸುಸ್ತನ್ನಂತೂ ಅಲ್ಲವೇ ಅಲ್ಲ. ಶಟರ್ ತೆರೆದಿರುವ ಹೊತ್ತು 600ಕ್ಕೆ ಸೆಕೆಂಡಿನ 1/600, ಕ್ರಾಪ್ ಸೆನ್ಸರ್ ಇದ್ದರೆ 1/1000, ಇದು ಕೈಯಲ್ಲಿ ಹಿಡಿಯುವವರ ಹಳೆಯ ಲೆಕ್ಕ. ಹಾರುವ ಹಕ್ಕಿಗೆ 1/2000ರ ಆಸುಪಾಸು ಇಡಿ. ಎಫ್ 6.3ರಲ್ಲಿ ಅದಕ್ಕೆ ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ, ಅಂದರೆ ಐಎಸ್‌ಒ ಏರಿಸಲೇಬೇಕು, ಏರಿಸಿ. ಕಾಳುಕಾಳಾದ ಚಿತ್ರವನ್ನು ಆಮೇಲೆ ಸ್ವಲ್ಪ ಸರಿ ಮಾಡಬಹುದು, ಕದಡಿದ್ದನ್ನು ಆಗುವುದಿಲ್ಲ. ಟ್ರೈಪಾಡ್ ಮೇಲೆ ಗಟ್ಟಿಯಾಗಿ ಬಿಗಿದಾಗ ಸ್ಟೆಬಿಲೈಸೇಶನ್ ಆಫ್ ಮಾಡಬೇಕೇ ಬೇಡವೇ ಅನ್ನುವುದು ಲೆನ್ಸಿನಿಂದ ಲೆನ್ಸಿಗೆ ಬೇರೆ, ಕೈಪಿಡಿ ನೋಡಿ. ಗಿಂಬಲ್ ಸಡಿಲ ಬಿಟ್ಟು ಹಕ್ಕಿಯ ಹಿಂದೆ ತಿರುಗಿಸುವಾಗ ನಾನು ಆನ್ ಇಟ್ಟಿರುತ್ತೇನೆ.

ಇಷ್ಟಾದರೂ ಮಧ್ಯಾಹ್ನದ ಹೊತ್ತು ದೂರದ ಚಿತ್ರಗಳೆಲ್ಲ ಕಲಸಿದಂತೆ ಬಂದರೆ ಲೆನ್ಸನ್ನು ರಿಪೇರಿಗೆ ಒಯ್ಯಬೇಡಿ. ಬಿಸಿಯಾದ ನೆಲದಿಂದ ಏಳುವ ಗಾಳಿ ಬೆಳಕನ್ನು ಅಲುಗಿಸುತ್ತದೆ, ಅದಕ್ಕೆ ಯಾವ ಟ್ರೈಪಾಡೂ ಮದ್ದಲ್ಲ. ಅದೇ ಲೆನ್ಸ್ ಹಿಡಿದು ಬೆಳಿಗ್ಗೆ ಬೇಗ ಹೋಗಿ, ಹತ್ತು ಮೀಟರ್ ದೂರದ ಯಾವುದಾದರೂ ಬರಹದ ಫಲಕದ ಫೋಟೊ ತೆಗೆದು ನೋಡಿ. ಅಲ್ಲಿ ಅಕ್ಷರ ಚೂಪಾಗಿ ಬಂದರೆ ಲೆನ್ಸ್ ಸರಿಯಾಗಿದೆ.